ಮೌಶಿ ಇಂಗ್ಲಿಷಿಗೆ ಹೂಂಗುಟ್ಟಿದ್ದು

ನಮ್ಮ ಮೌಶಿಯಷ್ಟು ಮರ್ಯಾದೆಯಿಂದ ಇಂಗ್ಲಿಷ್ ಕೇಳುವವರು ಇಡೀ ಬೈಲಹೊಂಗಲ ತಾಲ್ಲೂಕಿನಲ್ಲಿ ಇಲ್ಲ. ಸವದತ್ತಿ ಕಡೆಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರನಾಗಿ, ಇಪ್ಪತ್ತು ವರ್ಷದಿಂದ ನನ್ನ ಇಂಗ್ಲಿಷನ್ನು ಯಾರೂ ಕೇಳದ ಅನುಭವದ ಮೇಲೆ ಈ ಮಾತು ಹೇಳುತ್ತಿದ್ದೇನೆ. ಮೊಬೈಲಿನೊಳಗೆ ಯಾವನೋ ಒಬ್ಬ ಸಾಹೇಬ ತನ್ನ ಮೊಣಕಾಲು ನೋವನ್ನು ಡಾಕ್ಟರಿಗೆ ವಿವರಿಸುತ್ತಿರುತ್ತಾನೆ. ಮೌಶಿ ಸೆರಗು ಸರಿಮಾಡಿಕೊಂಡು, ಅವನ ಒಂದೊಂದು ವಾಕ್ಯ ಮುಗಿದಾಗಲೂ "ಹೂಂ" ಅನ್ನುತ್ತಾಳೆ. ಮೆಟ್ಟಿಲು ಹತ್ತಲು ಆಗುವುದಿಲ್ಲ ಎಂದು ಅವನು ಅಂದರೆ, "ಅಯ್ಯ ಶಿವನ!" ಅನ್ನುತ್ತಾಳೆ. ಅಷ್ಟರಲ್ಲಿ ಅವನು ಇನ್ನೆರಡು ವಾಕ್ಯ ಹೇಳಿ ಮುಗಿಸಿರುತ್ತಾನೆ. ಆಕೆ ಕಟ್ಟಲಿರುವ ಪರೀಕ್ಷೆಯ ಪ್ರಶ್ನೆಗೆ ಉತ್ತರ ಇರುವುದು ಆ ಎರಡು ವಾಕ್ಯಗಳಲ್ಲೇ!

"ಮೌಶಿ, ಅದು ರೆಕಾರ್ಡಿಂಗು. ನೀ ಹೂಂ ಅಂದದ್ದು ಅವಂಗ ಕೇಳಸೂದಿಲ್ಲ."

"ಕೇಳಸಲಿಕ್ಕಂದ್ರ ಬಿಡಲಿ. ಒಬ್ಬ ಮನಷ್ಯಾ ಕಾಲು ನೋಯಸ್ತಾವ ಅಂತ ಹೇಳಾಕಹತ್ತಿದಾಗ ಗ್ವಾಡಿ ಹಂಗ ಸುಮ್ನ ಕುಂದರೂದು ನನಗ ಬರೂದಿಲ್ಲಪಾ."

ಆಕೆಯ ತಪ್ಪೂ ಅಲ್ಲ ಬಿಡಿ. ನಮ್ಮ ಕಡೆ ಕೇಳುವವರು ಹೂಂಗುಟ್ಟದಿದ್ದರೆ ಹೇಳುವವರ ಮಾತು ಮುಂದೆ ಹೋಗುವುದೇ ಇಲ್ಲ. ಎರಡು ವಾಕ್ಯಕ್ಕೆ ಹೂಂ ಬರಲಿಲ್ಲವೆಂದರೆ "ನಿದ್ದಿ ಬಂತೇನ?" ಎಂದು ಕೇಳುತ್ತಾರೆ. ಮೂರನೆಯ ವಾಕ್ಯಕ್ಕೂ ಬರದಿದ್ದರೆ ಎದ್ದು ಹೋಗುತ್ತಾರೆ.

ಮೌಶಿ ಎಂದರೆ ನಮ್ಮ ಅವ್ವನ ತಂಗಿ. ಬೈಲಹೊಂಗಲದಲ್ಲಿ ಆಕೆಯದು ಹಿಟ್ಟಿನ ಗಿರಣಿ. ಎರಡು ವರ್ಷದ ಹಿಂದಿನವರೆಗೆ ಆಕೆ ಮತ್ತು ಕಾಕಾ, ಅಂದರೆ ಆಕೆಯ ಗಂಡ, ಇಬ್ಬರೂ ಕೂಡಿ ಅದನ್ನು ನಡೆಸುತ್ತಿದ್ದರು. ಕಾಕಾ ದೊಡ್ಡ ಊರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಲ್ಲಿನ ಡಾಕ್ಟರುಗಳು ಹೆಚ್ಚಿನವರು ಹೊರರಾಜ್ಯದವರು, ಅವರಿಗೆ ಕನ್ನಡ ಬಾರದು. ಅಲ್ಲಿಗೆ ಹೋಗುವ ನಮ್ಮ ಮಂದಿಗೆ ಇಂಗ್ಲಿಷ್ ಬಾರದು. ಅದಕ್ಕೇ ಆ ಆಸ್ಪತ್ರೆಯವರು ದುಭಾಷಿಗಳು ಬೇಕೆಂದು ಪ್ರಕಟಣೆ ಕೊಟ್ಟರು. ದುಭಾಷಿ ಅರ್ಹತಾ ಪರೀಕ್ಷೆ ಪಾಸಾಗಿರಬೇಕು, ವಯಸ್ಸು ಅರವತ್ತರೊಳಗಿರಬೇಕು ಎಂದು ಅದರಲ್ಲಿತ್ತು. ಮೌಶಿಗೆ ಐವತ್ತೊಂಬತ್ತು. ಕಿತ್ತೂರಿನಲ್ಲಿ ಪಿಯುಸಿ ಓದುವಾಗ ಇಂಗ್ಲಿಷಿನಲ್ಲಿ ಪಾಸಾಗಿದ್ದಳಂತೆ. ಆ ಇಂಗ್ಲಿಷು ನಲವತ್ತು ವರ್ಷ ಗಿರಣಿಯ ಹಿಟ್ಟಿನಡಿ ಮಲಗಿತ್ತು.

"ಈ ವಯಸ್ನ್ಯಾಗ ಯಾಕ ಬೇಕ ಮೌಶಿ?" ಅಂದೆ.

"ಆ ಆಸ್ಪತ್ರ್ಯಾಗ ಒಬ್ರು ಬೇಕು," ಅಂದಳು, ಅಷ್ಟೇ. ನಾನೂ ಹೆಚ್ಚು ಕೇಳಲಿಲ್ಲ.

ಪರೀಕ್ಷೆಯಲ್ಲಿ ಎರಡು ಭಾಗ. ಮೊದಲನೆಯದು ಇಂಗ್ಲಿಷ್ ರೆಕಾರ್ಡಿಂಗ್ ಕೇಳಿ ಉತ್ತರ ಬರೆಯುವುದು. ಎರಡನೆಯದು ಡಾಕ್ಟರು ಮತ್ತು ರೋಗಿಯ ನಡುವೆ ಕೂತು ಇವರದು ಅವರಿಗೆ, ಅವರದು ಇವರಿಗೆ ಹೇಳುವುದು. ಮೌಶಿ ಮೊದಲ ಭಾಗದ ಅಭ್ಯಾಸವನ್ನು ಗಿರಣಿಯಲ್ಲೇ ಶುರುಮಾಡಿದಳು. ಗಿರಣಿ ಧಡಧಡ ಓಡುತ್ತಿರುತ್ತದೆ, ಕಿವಿಯಲ್ಲಿ ಇಯರ್‌ಫೋನು, ಕೈಯಲ್ಲಿ ಜೋಳದ ಡಬ್ಬಿ, ಹುಬ್ಬಿನ ಮೇಲೆ ಹಿಟ್ಟು. ಒಂದು ಕಿವಿಯಲ್ಲಿ ಸಾಹೇಬನ ಮೊಣಕಾಲು, ಇನ್ನೊಂದರಲ್ಲಿ ಗಿರಾಕಿ: "ನುಚ್ಚು ಮಾಡಬ್ಯಾಡ್ರಿ ಅಕ್ಕಾರ, ಸಣ್ಣಗ ಬೀಸ್ರಿ!" ನಲವತ್ತು ವರ್ಷ ಆ ಸದ್ದಿನೊಳಗೇ ಮಂದಿಯ ಮಾತು ಹೆಕ್ಕಿ ತೆಗೆದ ಕಿವಿ ಅದು. ಇಂಗ್ಲಿಷನ್ನೂ ಹಾಗೇ ಹೆಕ್ಕಿತು. ಒಂದು ತಿಂಗಳಲ್ಲಿ ಹತ್ತಕ್ಕೆ ಎಂಟು ಉತ್ತರ ಸರಿಯಾಗತೊಡಗಿದವು.

ಆಮೇಲೆ ಒಂದು ಸಂಗತಿ ಬೆಳಕಿಗೆ ಬಂತು. ಕರೆಂಟು ಹೋಗಿ ಗಿರಣಿ ನಿಂತರೆ ಮೌಶಿಗೆ ಇಂಗ್ಲಿಷ್ ಕೇಳಿಸುತ್ತಿರಲಿಲ್ಲ! ಹತ್ತಕ್ಕೆ ಎರಡು ಸರಿಯಾದರೆ ಹೆಚ್ಚು.

"ಇಷ್ಟು ಶಾಂತ ಇದ್ರ ಏನ ಕೇಳಬೇಕಂತನ ಗೊತ್ತಾಗೂದಿಲ್ಲ," ಎಂದು ಇಯರ್‌ಫೋನು ತೆಗೆದಿಟ್ಟಳು. ಪರೀಕ್ಷಾ ಕೋಣೆಯಲ್ಲಿ ಗಿರಣಿ ಇರುವುದಿಲ್ಲ ಎಂದು ನಾನು ಹೇಳಿದೆ. ಅದು ಪರೀಕ್ಷೆ ನಡೆಸುವವರ ಕೊರತೆ ಎಂದು ಆಕೆಯ ಅಭಿಪ್ರಾಯ.

ರೆಕಾರ್ಡಿಂಗು ಸಾಲದು, ಜೀವಂತ ಇಂಗ್ಲಿಷ್ ಕೇಳಬೇಕು ಎಂದು ಆಕೆಯ ಮುಂದಿನ ಹಟ. ಜೀವಂತ ಇಂಗ್ಲಿಷು ನಮ್ಮ ಕಡೆ ಎಲ್ಲಿ ಸಿಗಬೇಕು? ನನ್ನ ಶಾಲೆಯಲ್ಲಿ ಸಿಗುವುದಿಲ್ಲ ಎಂದು ಆಕೆಗೆ ಗೊತ್ತಿತ್ತು. ನವಿಲುತೀರ್ಥದ ಅಣೆಕಟ್ಟೆಯ ಮೇಲೆ ಒಂದು ಭಾನುವಾರವಿಡೀ ನಿಂತೆವು. ಬಂದವರೆಲ್ಲ ಕನ್ನಡದಲ್ಲೇ ಫೋಟೋ ತೆಗೆಸಿಕೊಂಡರು. ಮರುವಾರ ಕಿತ್ತೂರು ಕೋಟೆಗೆ ಹೋದಾಗ ಅದೃಷ್ಟ ಖುಲಾಯಿಸಿತು. ಹೊರರಾಜ್ಯದ ಗಂಡಹೆಂಡತಿ ಇಬ್ಬರು ಇಂಗ್ಲಿಷಿನಲ್ಲಿ ಜಗಳವಾಡುತ್ತಾ ಕೋಟೆ ಸುತ್ತುತ್ತಿದ್ದರು. ಮೌಶಿ ಚೀಲದಿಂದ ನೋಟ್‌ಬುಕ್ಕು ತೆಗೆದು ಮೂರು ಹೆಜ್ಜೆ ಹಿಂದೆ ನಡೆಯತೊಡಗಿದಳು. ನಾನು ನಾಚಿಕೆಯಿಂದ ಒಂದು ಗೋಡೆಯ ಮರೆಗೆ ಹೋದೆ. ಆ ಹೆಂಡತಿ ತನ್ನ ಅತ್ತೆ ಮದುವೆಯಾದ ಹೊಸತರಲ್ಲಿ ಅಂದ ಮಾತೊಂದನ್ನು ಗಂಡನಿಗೆ ನೆನಪಿಸುತ್ತಿದ್ದಳು. ಹಿಂದಿನಿಂದ "ಹೂಂ" ಎಂದು ಕೇಳಿಸಿತು. ಇಬ್ಬರೂ ತಿರುಗಿ ನೋಡಿದರು.

ಇಂಥ ಹೊತ್ತಿನಲ್ಲಿ ನೀವಾದರೆ ಏನು ಮಾಡುತ್ತಿದ್ದಿರಿ? ಮೌಶಿ ಪೆನ್ನಿನಿಂದ ಹೆಂಡತಿಯನ್ನು ತೋರಿಸಿ, "ಪ್ಲೀಸ್ ಕಂಟಿನ್ಯೂ," ಅಂದಳು. ಎರಡು ತಾಸಿನ ಮೇಲೆ ಆ ಗಂಡಹೆಂಡತಿ ಬೈಲಹೊಂಗಲದಲ್ಲಿ ಮೌಶಿಯ ಪಡಸಾಲೆಯಲ್ಲಿ ಕೂತು ರೊಟ್ಟಿ, ಎಣಗಾಯಿ ಊಟ ಮಾಡುತ್ತಿದ್ದರು. "ಅದು ಜಗಳ ಅಲ್ಲೋ, ಮುಂಜಾನಿಂದ ಏನೂ ತಿಂದಿರಲಿಲ್ಲ ಅವು," ಎಂದು ಮೌಶಿ ಒಳಗೆ ಬಂದು ನನಗೆ ಅನುವಾದಿಸಿದಳು.

ಎರಡನೆಯ ಭಾಗದ ಅಭ್ಯಾಸ ತಾನಾಗಿಯೇ ಬಂದು ರಸ್ತೆಯಲ್ಲಿ ಅಡ್ಡ ನಿಂತಿತು. ಒಮ್ಮೆ ಬಸ್ಸಿನಲ್ಲಿ ಹೋಗುತ್ತಿದ್ದಾಗ ಎಂ.ಕೆ. ಹುಬ್ಬಳ್ಳಿಯ ಹತ್ತಿರ ವಾಹನಗಳೆಲ್ಲ ನಿಂತುಬಿಟ್ಟಿದ್ದವು. ಕಬ್ಬಿನ ಟ್ರ್ಯಾಕ್ಟರೊಂದರಿಂದ ಹೊರಗೆ ಚಾಚಿದ ಕಬ್ಬು ತಗುಲಿ, ಹೊರಗಿನವರೊಬ್ಬರ ಕಾರಿನ ಕನ್ನಡಿ ಕಿತ್ತು ಜೋತಾಡುತ್ತಿತ್ತು. ಕಾರಿನವನು ಇಂಗ್ಲಿಷಿನಲ್ಲಿ ಕೂಗಾಡುತ್ತಿದ್ದ. ಡ್ರೈವರನಿಗೆ ಕಣ್ಣಿಲ್ಲ, ಅವನಪ್ಪನಿಗೂ ಇದ್ದಿರಲಾರವು ಎಂಬುದು ಸಾರಾಂಶ. ಡ್ರೈವರ್ ನಮ್ಮ ಕಡೆಯ ಕನ್ನಡದಲ್ಲಿ ಕೊಡುತ್ತಿದ್ದ ಉತ್ತರವನ್ನು ಇಲ್ಲಿ ಬರೆಯುವಂತಿಲ್ಲ. ಇಂಗ್ಲಿಷ್ ಮಾಸ್ತರನಾದ ನಾನು ಸೀಟು ಬಿಟ್ಟೇಳಲಿಲ್ಲ. ಮೌಶಿ ಇಳಿದುಹೋಗಿ ಇಬ್ಬರ ನಡುವೆ ನಿಂತಳು.

"ಸಾಹೇಬ್ರು ಕೇಳಾಕಹತ್ತಾರ," ಎಂದು ಡ್ರೈವರನಿಗೆ ಹೇಳಿದಳು, "ಇಷ್ಟ ಬಿಸಲಾಗ ನಿಂತ್ರ ಕಬ್ಬು ಒಣಗೂದಿಲ್ಲೇನು ತಮ್ಮಾ, ಪಾಪ, ಅಂತ."

ಡ್ರೈವರ್ ಬಾಯಿ ತೆರೆದವನು ಹಾಗೇ ನಿಂತ. ಅವನು ಆವರೆಗೆ ಅಂದದ್ದನ್ನೆಲ್ಲ ಮೌಶಿ ಕಾರಿನವನಿಗೆ ಇಂಗ್ಲಿಷಿನಲ್ಲಿ ಹೇಳಿದಳು. ಅದರ ಪ್ರಕಾರ ಡ್ರೈವರ್ ಕ್ಷಮೆ ಕೇಳುತ್ತಿದ್ದ, ಇಷ್ಟು ಚಂದದ ಕಾರನ್ನು ಈ ರಸ್ತೆಯಲ್ಲಿ ಇದುವರೆಗೆ ನೋಡಿಲ್ಲ ಅನ್ನುತ್ತಿದ್ದ. ಐದು ನಿಮಿಷದಲ್ಲಿ ಡ್ರೈವರ್ ಎರಡು ಕಬ್ಬು ಎಳೆದು ಕಾರಿನವನ ಕೈಗೆ ಕೊಟ್ಟ. ಕಾರಿನವನು ಅವನ ಬೆನ್ನು ತಟ್ಟಿದ. ಕನ್ನಡಿ ಜೋತಾಡುತ್ತಲೇ ಇತ್ತು. ಮೌಶಿ ಬಸ್ಸು ಹತ್ತಿ ನನ್ನ ಪಕ್ಕ ಕೂತು, "ಪಾಸ್ ಆಗತೇನಿ ಅನಸ್ತೈತಿ," ಅಂದಳು.

ಆಗಲಿಲ್ಲ.

ಪರೀಕ್ಷಾ ಕೋಣೆ ಗುಡಿಯಷ್ಟು ಶಾಂತವಾಗಿತ್ತಂತೆ. ಫ್ಯಾನನ್ನಾದರೂ ಜೋರಾಗಿ ಹಾಕಿರೆಂದು ಮೇಲ್ವಿಚಾರಕರಿಗೆ ಕೇಳಿದಳಂತೆ, ಅವರು ಹಾಕಿದರಂತೆ. "ಹೊಸಾ ಫ್ಯಾನು. ದರಿದ್ರದ್ದು, ಸದ್ದ ಇಲ್ಲ," ಎಂದು ಮೌಶಿ ಹಲುಬಿದಳು. ಹೂಂಗುಟ್ಟಿದ್ದಕ್ಕೆ ಎರಡು ಸಲ ಎಚ್ಚರಿಕೆ ಕೊಟ್ಟರಂತೆ. ಎರಡನೆಯ ಭಾಗದಲ್ಲಿ ಡಾಕ್ಟರ ಪಾತ್ರದವರು, ಔಷಧ ಬಿಟ್ಟಿದ್ದಕ್ಕೇ ನಿನಗೆ ಈ ಗತಿ ಬಂತು ಎಂದು ರೋಗಿಯನ್ನು ಇಂಗ್ಲಿಷಿನಲ್ಲಿ ಗದರಿದರೆ, ಮೌಶಿ "ಊಟ ಆತೇನ್ರಿ ಅಂತ ಕೇಳಾಕಹತ್ತಾರ" ಅಂದಳಂತೆ. ಈ ಡಾಕ್ಟರ ಮೇಲೆ ನನಗೆ ನಂಬಿಕೆ ಇಲ್ಲ ಎಂದು ರೋಗಿ ಹೇಳಿದರೆ, ರೋಗಿಗೆ ತಮ್ಮ ಮೇಲೆ ಅಪಾರ ಗೌರವವಿದೆ ಎಂದು ಡಾಕ್ಟರಿಗೆ ತಿಳಿಸಿದಳಂತೆ. ಫಲಿತಾಂಶದ ಜೊತೆ ಒಂದು ಷರಾ ಬಂತು: ಭಾಷಾಜ್ಞಾನ ತೃಪ್ತಿಕರ, ಆದರೆ ಅಭ್ಯರ್ಥಿ ಎರಡೂ ಕಡೆಯವರ ಮಾತನ್ನು ತಿದ್ದುತ್ತಾರೆ.

"ತಿದ್ದೂದು ತಪ್ಪೇನ? ನೀ ಸಾಲ್ಯಾಗ ದಿನಾ ಅದನ್ನ ಮಾಡ್ತಿ!" ಎಂದು ನನ್ನ ಮೇಲೆ ಹರಿಹಾಯ್ದಳು.

ಅರವತ್ತು ತುಂಬುವುದರೊಳಗೆ ಇನ್ನೊಂದೇ ಪರೀಕ್ಷೆ ಉಳಿದಿತ್ತು. ಮೌಶಿ ಮಾತು ಕಡಿಮೆ ಮಾಡಿದಳು. ಗಿರಣಿ ನಿಲ್ಲಿಸಿ, ಬಾಗಿಲು ಹಾಕಿಕೊಂಡು, ಸದ್ದಿಲ್ಲದೆ ಕೇಳುವುದನ್ನು ಕಲಿತಳು. ಹೂಂ ಬಾರದಿರಲೆಂದು ಬಾಯಿ ತುಂಬ ನೀರು ಹಿಡಿದುಕೊಂಡು ರೆಕಾರ್ಡಿಂಗು ಕೇಳುವಳು. ಯಾರಿಗಾದರೂ ನೋವಾಗುತ್ತಿದೆ ಎಂದು ಕೇಳಿಸಿದ ತಕ್ಷಣ ಗುಟುಕ್ಕೆಂದು ನುಂಗಿಬಿಡುವಳು. ಒಂದು ಪಾಠ ಮುಗಿಯುವಷ್ಟರಲ್ಲಿ ಎರಡು ತಂಬಿಗೆ ನೀರು! ಕ್ರಮೇಣ ಒಂದೇ ಗುಟುಕಿನಲ್ಲಿ ಇಡೀ ಪಾಠ ಮುಗಿಯತೊಡಗಿತು. ಆಕೆಗೆ ಈ ಪರೀಕ್ಷೆ ಎಷ್ಟು ಬೇಕಾಗಿದೆ ಎಂಬುದು ನನಗೆ ತಿಳಿದದ್ದು ಆಗ. ನನಗೆ ಭಯವಾಯಿತು.

ಪರೀಕ್ಷೆಗೆ ಒಂದು ವಾರವಿರುವಾಗ, ಭಾನುವಾರ ಮಧ್ಯಾಹ್ನ, ನಮ್ಮ ಮನೆಯಲ್ಲೇ ಒಂದು ಅಣಕು ಪರೀಕ್ಷೆ ಇಟ್ಟುಕೊಂಡೆವು. ರಾಮದುರ್ಗದವಳಾದ ನನ್ನ ಹೆಂಡತಿ ರೋಗಿಯ ಹೆಂಡತಿ. ಅವಳು ಪಾತ್ರದ ಜೊತೆಗೆ ಮೆಂತ್ಯೆಯನ್ನೂ ಸೋಸುತ್ತಿದ್ದಳು. ನಾನು ಡಾಕ್ಟರು. ಅಭ್ಯಾಸದ ಪುಸ್ತಕದಲ್ಲಿ ಕಣ್ಣಿಗೆ ಬಿದ್ದ ಪುಟ ತೆರೆದು ಇಂಗ್ಲಿಷಿನಲ್ಲಿ ಓದತೊಡಗಿದೆ. ಎರಡನೆಯ ವಾಕ್ಯಕ್ಕೆ, ಈ ಪುಟ ತೆರೆಯಬಾರದಿತ್ತು ಅನಿಸಿತು. ಹೇಗೋ ಕೊನೆಯವರೆಗೆ ಓದಿದೆ.

ಮೌಶಿ ಹೂಂ ಅನ್ನಲಿಲ್ಲ, ಅಯ್ಯ ಶಿವನ ಅನ್ನಲಿಲ್ಲ. ನನ್ನ ಹೆಂಡತಿಯ ಕಡೆ ತಿರುಗಿ ನಿಧಾನವಾಗಿ ಹೇಳಿದಳು:

"ನಿಮ್ಮ ಯಜಮಾನ್ರ ರೋಗ ಮೈತುಂಬ ಹಬ್ಬೇತಿ. ಇನ್ನ ನಾ ಕೊಡೂ ಔಷಧದಿಂದ ಗುಣಾ ಆಗೂದಿಲ್ಲ. ಕೆಲವ ದಿನಾ ಉಳದಾವ. ಇದನ್ನ ಹೇಳಾಕ ನನಗ ಭಾಳ ಸಂಕಟ ಆಗತೈತಿ. ಅವರ ಬಾಜೂಕ ಕುಂದರ್ರಿ. ಅವರ ಜೋಡಿ ಮಾತಾಡ್ರಿ."

ಒಂದು ಮಾತು ಸೇರಿಸಿರಲಿಲ್ಲ, ಒಂದು ಮಾತು ಬಿಟ್ಟಿರಲಿಲ್ಲ. ಹೆಂಡತಿಯ ಕೈಯಲ್ಲಿ ಮೆಂತ್ಯೆ ಹಾಗೇ ಉಳಿಯಿತು. ನಾನು ಪುಸ್ತಕ ಮುಚ್ಚಿದೆ.

ಎರಡು ವರ್ಷದ ಹಿಂದೆ ಆ ಆಸ್ಪತ್ರೆಯ ಹೊರಸಾಲೆಯಲ್ಲಿ ಡಾಕ್ಟರು ಹೆಚ್ಚುಕಡಿಮೆ ಇದನ್ನೇ ಹೇಳಿದ್ದರು. ಅವರ ಓಟದ ಇಂಗ್ಲಿಷು ಅರ್ಥವಾಗದೆ ಮೌಶಿ ನನ್ನ ಬಾಯನ್ನೇ ನೋಡುತ್ತಾ ನಿಂತಿದ್ದಳು. ಇಂಗ್ಲಿಷ್ ಬಲ್ಲವನು ನಾನೊಬ್ಬನೇ. "ಆರಾಮ ಆಗ್ತಾರಂತ ಮೌಶಿ, ಸ್ವಲ್ಪ ದಿನಾ ಹಿಡೀತೈತಂತ," ಅಂದುಬಿಟ್ಟೆ. ನಾಲ್ಕನೆಯ ದಿನ ಕಾಕಾ ಹೋದರು. ಅವತ್ತಿನಿಂದ ಮೌಶಿಯ ಮುಖವನ್ನು ನೆಟ್ಟಗೆ ನೋಡಿರಲಿಲ್ಲ ನಾನು. ತಲೆಗೂದಲು ಬೆಳ್ಳಗಾದ ಮಾಸ್ತರ, ಹೆಂಡತಿಯ ಎದುರಿಗೇ ಅಳುತ್ತಾ ಇದನ್ನೆಲ್ಲ ಹೇಳಿದೆ.

"ಗೊತ್ತೈತಿ," ಅಂದಳು ಮೌಶಿ.

"ಏನ ಗೊತ್ತೈತಿ?"

"ಆ ಡಾಕ್ಟರ ಹತ್ತು ಮಿನಿಟ ಮಾತಾಡಿದ. ನಡಕ ಎರಡ ಸಲ ಚಷ್ಮಾ ತಗದು ಒರಸಿಕೊಂಡ. ನೀ ಎರಡ ಮಾತಿನ್ಯಾಗ ಮುಗಿಸಿದಿ. ತಿಳಿಯೂದಿಲ್ಲೇನ ನನಗ?"

"ಮತ್ತ ಯಾಕ ಸುಮ್ನಿದ್ದಿ ಮೌಶಿ?"

"ನಿನ್ನ ಮಾರಿ ನೋಡಿದೆ. ತುಟಿ ನಡಗಾಕಹತ್ತಿದ್ವು. ಇನ್ನೊಮ್ಮಿ ಕೇಳಿ ನಿನ್ನ ಬಾಯಿಲೆ ಅದನ್ನ ಹೇಳಸಬಾರದು ಅನಸ್ತು. ಒಳಗ ಹೋಗಿ ನಿಮ್ಮ ಕಾಕಾನ ಬಾಜೂಕ ಕುಂತೆ. ಮನಿಗಿ ಹೋಗಿ ಮಲಕ್ಕೊಂಡು ಬಾ ಅಂತ ನೀ ನಾಕೂ ದಿನಾ ಗಂಟಬಿದ್ದಿ. ನಾ ಏಳಲಿಲ್ಲ."

ಹೌದು, ಎದ್ದಿರಲಿಲ್ಲ. ನಾನದನ್ನು ಹಟ ಅಂದುಕೊಂಡಿದ್ದೆ.

"ಅದಕ್ಕ ಬರಿಯಾಕಹತ್ತೇನಿ ಈ ಪರೀಕ್ಷಾ," ಅಂದಳು ಮೌಶಿ, ಸೆರಗಿನಿಂದ ನನ್ನ ಮುಖ ಒರೆಸುತ್ತಾ. "ಆ ಮಾತು ಮನಿಮಂದಿ ಬಾಯಿಲೆ ಬರಬಾರದಪಾ. ಹೊರಗಿನವ್ರು ಯಾರರೆ ಹೇಳಬೇಕು."

ಗೊತ್ತೈತಿ ಎಂದು ಆಕೆ ಅಂದಾಗ ನಾನು ತಿಳಿದಿದ್ದು, ತನ್ನಂತೆ ಇನ್ನೊಬ್ಬ ಹೆಂಗಸಿಗೆ ಸುಳ್ಳು ಕೇಳುವ ಗತಿ ಬಾರದಿರಲೆಂದು ಆಕೆ ಓದುತ್ತಿದ್ದಾಳೆ ಎಂದು. ಆಕೆ ಓದುತ್ತಿದ್ದದ್ದು ಸುಳ್ಳು ಹೇಳಬೇಕಾಗಿ ಬಂದವನಿಗಾಗಿ.

ಮೌಶಿ ಪಾಸಾದಳು. ಈಗ ವಾರಕ್ಕೆ ಮೂರು ದಿನ ಬಸ್ಸು ಹತ್ತಿ ಆ ಆಸ್ಪತ್ರೆಗೆ ಹೋಗುತ್ತಾಳೆ, ಉಳಿದ ದಿನ ಗಿರಣಿ. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಒಂದು ಮಧ್ಯಾಹ್ನ ನಾನು ಶಾಲೆಯಲ್ಲಿದ್ದಾಗ ಫೋನು ಮಾಡಿದಳು.

"ಇವತ್ತ ಒಬ್ಬಾಕಿ ಮಗಳು ಅವ್ವನ ಜೋಡಿ ಬಂದಿದ್ಲು. ಇಂಗ್ಲೀಷ ಚೊಲೋ ಬರತಿತ್ತು ಆಕಿಗಿ. ಡಾಕ್ಟರ ಹೇಳಿದ್ದನ್ನ ತಾನ ಅವ್ವಗ ಹೇಳತೇನಂತ ನಿಂತಿದ್ಲು. ಮಾರಿ ಬೆಳ್ಳಗಾಗಿತ್ತು. 'ನೀ ಅವ್ವನ ಕೈ ಹಿಡಕೊಂಡು ಕುಂದ್ರವಾ, ಹೇಳೂದು ನಾ ಹೇಳತೇನಿ' ಅಂದೆ. ಹಂಗ ಅನ್ನೂದು ನಿಯಮದಾಗ ಇಲ್ಲ. ಆದ್ರೂ ಅಂದೆ."

"ಕುಂತ್ಲೇನ ಆ ಹುಡುಗಿ?"

"ಕುಂತ್ಲು. ಅವ್ವನಕಿಂತ ಮೊದಲ ಆಕಿನ ಅತ್ತಳು. ಹೇಳೂ ಕೆಲಸ ಇರಲಿಲ್ಲಲ್ಲ, ಅಳಾಕ ಪುರಸೊತ್ತು ಸಿಕ್ತು ಪಾಪ."