ಹೆಂಡತಿ ಫೈರ್ ಫೈಟರ್ ಆಗೋದಕ್ಕೆ ನಾನು ಮಲಗಿದ್ದು

ಬೇರೆಯವರ ಮನೆಯಲ್ಲಿ ಹೆಂಡತಿ ಪರೀಕ್ಷೆಗೆ ಕಟ್ಟಿದರೆ ಗಂಡ ಕಾಫಿ ಮಾಡಿಕೊಡ್ತಾನೆ, ಪುಸ್ತಕ ತಂದುಕೊಡ್ತಾನೆ. ನಾನು ಮಲಗಿದೆ. ಒಂದೆರಡು ದಿನ ಅಲ್ಲ, ಮೂರು ವರ್ಷ. ಸಿಂಗಪುರದ ಬುಕಿತ್ ಬಾಟೋಕ್‌ನಲ್ಲಿರೋ ನಮ್ಮ ಫ್ಲಾಟಿನ ಮುಂದಿನ ಕಾರಿಡಾರಿನಲ್ಲಿ, ಕೈಕಾಲು ಬಿಟ್ಟು, ಪ್ರಜ್ಞೆ ತಪ್ಪಿದವನ ಹಾಗೆ. ನಮ್ಮ ಮನೆಯಲ್ಲಿ ಇಂಥವು ನಡೀತಾನೇ ಇರುತ್ತವೆ, ಇದು ಸ್ವಲ್ಪ ಜಾಸ್ತಿ ದಿನ ನಡೀತು ಅಷ್ಟೇ.

೧. ಕೊತ್ತಂಬರಿ ಕಟ್ಟು

ಶುರುವಾದದ್ದು ಒಂದು ಭಾನುವಾರ ಬೆಳಿಗ್ಗೆ. ಮಾರ್ಕೆಟ್ಟಿಂದ ಇಬ್ಬರೂ ಬರ್ತಾ ಇದ್ವಿ. ಪಕ್ಕದ ಬ್ಲಾಕಿನ ಆರನೇ ಮಹಡಿಯಲ್ಲಿ ಹೊಗೆ. ಯಾರೋ ಬ್ಯಾಟರಿ ಸೈಕಲ್ ಚಾರ್ಜಿಗೆ ಹಾಕಿ ಮರೆತಿದ್ದರಂತೆ. ಕೆಂಪು ಗಾಡಿಗಳು ಬಂದಾಗಿತ್ತು. ನಾವು ನೋಡನೋಡುತ್ತಿದ್ದಂತೆ ಮೆಟ್ಟಿಲ ಬಾಗಿಲಿಂದ ಒಬ್ಬ ಫೈರ್ ಫೈಟರ್ ಒಬ್ಬರು ಅಜ್ಜಿಯನ್ನ ಎತ್ತಿಕೊಂಡು ಇಳಿದು ಬಂದರು. ಅಜ್ಜಿಯನ್ನ ಕೂರಿಸಿ ಹೆಲ್ಮೆಟ್ ತೆಗೆದರೆ, ಹೆಂಗಸು! ಮುಖವೆಲ್ಲ ಬೆವರು, ಮಸಿ, ನಗು.

ನನ್ನ ಹೆಂಡತಿ ಪ್ರೀಸ್ಕೂಲ್ ಟೀಚರ್. ಕೈಯಲ್ಲಿ ಕೊತ್ತಂಬರಿ ಕಟ್ಟು ಹಿಡಿದುಕೊಂಡು ಬಾಯಿ ಬಿಟ್ಟುಕೊಂಡು ನಿಂತಿದ್ದಳು. ಮನೆಗೆ ಬಂದು ಸೊಪ್ಪು ಬಿಡಿಸುತ್ತಾ, "ರೀ, ನಾನು ಫೈರ್ ಫೈಟರ್ ಆಗ್ತೀನಿ" ಅಂದಳು.

ಹೋದ ವರ್ಷ ಕುಂಬಾರಿಕೆ ಕಲೀತೀನಿ ಅಂದಿದ್ದಳು, ಅದರ ಹಿಂದಿನ ವರ್ಷ ಚೈನೀಸ್. ನಾನು ಧೈರ್ಯವಾಗಿ, "ಆಗು ಕಣೇ, ನಾನಿದ್ದೀನಿ" ಅಂದುಬಿಟ್ಟೆ. ನನ್ನ ಇಡೀ ಜೀವನದಲ್ಲಿ ಓದದೇ ಸೈನ್ ಮಾಡಿದ ಕಾಗದ ಅದೊಂದೇ.

೨. ಕೋಚ್

ಅರ್ಜಿ ಹಾಕಿದಳು, ಕರೆದರು, ಹೋದಳು, ಓಟದಲ್ಲೇ ಫೇಲಾದಳು. ಮೂವತ್ತೊಂದು ವರ್ಷ, ಓಡಿದ್ದು ಅಂದ್ರೆ ಬಸ್ಸಿಗೆ ಮಾತ್ರ. "ಮುಂದಿನ ಸಲ ನೋಡ್ತಾ ಇರಿ" ಅಂದಳು. ಅಲ್ಲಿಂದ ಪ್ರತಿ ಭಾನುವಾರ ಪಾಸಿರ್ ರಿಸ್ ಬೀಚಿಗೆ ನಮ್ಮ ಸವಾರಿ. ನಾವಿರೋದು ಊರಿನ ಈ ತುದಿ, ಬೀಚು ಆ ತುದಿ. ಎಂ.ಆರ್.ಟಿ. ರೈಲಿನಲ್ಲಿ ಕೂತು ಕೂತೇ ನನಗೆ ಸುಸ್ತು. ಹತ್ತಿರದಲ್ಲೇ ಓಡಬಾರದೇನೇ ಅಂದರೆ, ಸಮುದ್ರದ ಗಾಳಿಗೆ ಎದುರು ಓಡಿದರೇ ದಮ್ಮು ಬರೋದು ಅಂತ ಯಾರೋ ಹೇಳಿದ್ದಾರಂತೆ.

ಮೊದಲ ದಿನ ಜೊತೆಗೆ ನಾನೂ ಓಡಿದೆ. ಹೆಂಡತಿಗೆ ಸಪೋರ್ಟ್ ಬೇಕಲ್ಲ! ಎರಡು ಬೆಂಚು ದಾಟಿದೆ, ಮೂರನೇ ಬೆಂಚಿನ ಮೇಲೆ ಕೂತೆ. ಆಮೇಲೆ ಅವಳು ನನ್ನ ಮುಂದೆ ಹಾದುಹೋಗುವಾಗೆಲ್ಲ ಕೂತಲ್ಲಿಂದಲೇ "ಕಮಾನ್, ಕಮಾನ್! ಮಂಡಿ ಎತ್ತು!" ಅಂತ ಕೂಗಿದೆ. ಪಕ್ಕದಲ್ಲಿ ಕೂತಿದ್ದ ಮುದುಕರೊಬ್ಬರು ನನ್ನ ಹೊಟ್ಟೆ ನೋಡಿದರು, ಅವಳ ಓಟ ನೋಡಿದರು. ಅವಳು ನೀರು ಕುಡಿಯೋಕೆ ನಿಂತಾಗ, ಇವರು ಯಾರು ಅಂತ ವಿಚಾರಿಸಿದರು.

"ನನ್ನ ಕೋಚ್" ಅಂದಳು ನಮ್ಮವಳು, ಒಂದಿಷ್ಟೂ ನಗದೆ.

ಮುದುಕರು ಎದ್ದು ನನಗೆ ಕೈ ಕುಲುಕಿ, ತಾವು ಕುಡಿಯದೇ ಇಟ್ಟುಕೊಂಡಿದ್ದ ಎಳನೀರು ಕೊಟ್ಟು ಹೋದರು.

೩. ಎಪ್ಪತ್ತೆರಡು ಕೆಜಿ

ಓಟ ದಾರಿಗೆ ಬಂತು. ಮುಂದಿನ ಕಂಟಕ, ಎಳೆಯೋದು. ಮನುಷ್ಯನ ಗಾತ್ರದ ಒಂದು ದೊಡ್ಡ ಬೊಂಬೆ ಇಟ್ಟಿರ್ತಾರೆ. ಹಿಂದಿನಿಂದ ಕಂಕುಳಿಗೆ ಕೈ ಹಾಕಿ, ಎಬ್ಬಿಸಿ, ಹಿಂದಕ್ಕೆ ನಡೀತಾ ಗೆರೆ ದಾಟಿಸಬೇಕು. ಇಷ್ಟೇ ಸೆಕೆಂಡ್ ಅಂತ ಲೆಕ್ಕ. ಬೊಂಬೆಯ ತೂಕ ಕೇಳಿಕೊಂಡು ಬಂದವಳು ನನ್ನನ್ನ ತಕ್ಕಡಿ ಮೇಲೆ ನಿಲ್ಲಿಸಿದಳು. ಎಪ್ಪತ್ತೆರಡು. ಮದುವೆಯಾದ ಮೇಲೆ ಅವಳು ನನ್ನನ್ನ ಅಷ್ಟು ಖುಷಿಯಿಂದ ನೋಡಿದ್ದೇ ಇಲ್ಲ.

"ರೀ, ಕರೆಕ್ಟಾಗಿದೀರ! ಇನ್ನು ಡಯಟ್ಟು ಗಿಯಟ್ಟು ಏನೂ ಮಾಡ್ಬೇಡಿ."

ಅವತ್ತಿಂದ ರಾತ್ರಿ ಊಟಕ್ಕೆ ಮುಂಚೆ ಕಾರಿಡಾರಿನಲ್ಲಿ ನಾನು ಮಲಗೋದು, ಅವಳು ಎಳೆಯೋದು. ಲಿಫ್ಟಿನಿಂದ ನಮ್ಮ ಮನೆ ಬಾಗಿಲ ತನಕ. ಎದುರುಮನೆಯ ಚೈನೀಸ್ ಆಂಟಿ ಮೊದಲ ದಿನ ಬಾಗಿಲು ತೆಗೆದು ನೋಡಿ, ಮುಚ್ಚಿಕೊಂಡರು. ಎರಡನೇ ದಿನವೂ ಹಾಗೇ. ಮೂರನೇ ದಿನ ತಡೆಯಲಾರದೆ ಹೊರಗೆ ಬಂದು ನನ್ನ ಹೆಂಡತಿಯ ಭುಜ ತಟ್ಟಿ, "ಎವ್ರಿಡೇ ಡ್ರಂಕ್ ಆ? ಯೂ ಸೋ ಗುಡ್ ವೈಫ್ ಲಾ" ಅಂದರು.

ನಾನು ಮಲಗಿದ್ದಲ್ಲಿಂದಲೇ, ಆಂಟಿ, ನಾನು ಒಂದು ತೊಟ್ಟೂ ಕುಡಿದಿಲ್ಲ ಅಂತ ಹೇಳೋಕೆ ತಲೆ ಎತ್ತಿದೆ. "ರೀ, ಪ್ರಜ್ಞೆ ಇಲ್ಲದವರು ಮಾತಾಡಬಾರದು!" ಅಂತ ಗದರಿಸಿ ಎಳೆದುಕೊಂಡು ಹೋದಳು.

೪. ನಾಲ್ಕು ಸೆಕೆಂಡ್

ಎರಡನೇ ಸಲ ಓಟ ಪಾಸ್. ಮೆಟ್ಟಿಲು ಪಾಸ್. ಬೊಂಬೆ ಎಳೆಯೋದರಲ್ಲಿ ನಾಲ್ಕು ಸೆಕೆಂಡ್ ಹೆಚ್ಚಾಗಿ ಫೇಲ್.

ನನಗೆ ನಂಬೋಕಾಗಲಿಲ್ಲ. ನನ್ನನ್ನ ಅಷ್ಟು ಲೀಲಾಜಾಲವಾಗಿ ಎಳೀತಿದ್ದವಳು! ನಾನಾದರೂ ಮಧ್ಯೆ ಕೆಮ್ತೀನಿ, ಬೊಂಬೆ ಅದೂ ಮಾಡಲ್ಲ. ಏನಾಯ್ತು ಅಂತ ಎಷ್ಟು ಕೇಳಿದರೂ ಹೇಳಲಿಲ್ಲ. ರಾತ್ರಿ ಊಟದ ತಟ್ಟೆ ಮುಂದೆ ಕೂತು ಬಾಯಿ ಬಿಟ್ಟಳು.

"ಹಿಂದಕ್ಕೆ ನಡೀವಾಗ ಕಾಲು ತಾಗಿಬಿಡ್ತು ಕಣ್ರೀ."

"ಯಾರಿಗೆ?"

"ಬೊಂಬೆಗೆ."

"ತಾಗಿದರೆ ಏನೀಗ?"

"ಮುಟ್ಟಿ ಕಣ್ಣಿಗೊತ್ಕೊಂಡೆ."

ನನಗೆ ನಗು ಒತ್ತರಿಸಿ ಬಂತು. ನಮ್ಮಲ್ಲಿ ಯಾರಿಗಾದರೂ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ಇರೋಕಾಗುತ್ತಾ? ಚಿಕ್ಕಂದಿನಿಂದ ಬೆರೆತುಹೋದದ್ದು. ಇವಳಂತೂ ನ್ಯೂಸ್ ಪೇಪರಿಗೂ ಮಾಡ್ತಾಳೆ, ಲ್ಯಾಪ್‌ಟಾಪ್ ಬ್ಯಾಗಿಗೂ ಮಾಡ್ತಾಳೆ. ಯೋಚಿಸಿ ನೋಡಿದರೆ ಕಾರಿಡಾರಿನಲ್ಲೂ ನನ್ನನ್ನ ಎಳೆಯುವಾಗ ಕಾಲು ತಾಗಿದಾಗೆಲ್ಲ ನಿಲ್ಲಿಸಿ, ಮುಟ್ಟಿ, ಕಣ್ಣಿಗೊತ್ತಿ, ಮುಂದೆ ಹೋಗ್ತಾ ಇದ್ದಳು. ಅದು ನಮ್ಮಿಬ್ಬರಿಗೂ ಲೆಕ್ಕಕ್ಕೇ ಬಂದಿರಲಿಲ್ಲ. ಬೊಂಬೆಗೆ ಎರಡು ಸಲ ತಾಗಿತಂತೆ. ತಲಾ ಎರಡು ಸೆಕೆಂಡ್.

ನಗೋಣ ಅಂತ ಬಾಯಿ ತೆರೆದವನು ಅವಳ ಮುಖ ನೋಡಿದೆ. ಅನ್ನಕ್ಕೆ ಕಣ್ಣೀರು ಬೀಳ್ತಾ ಇತ್ತು. "ಇನ್ನೊಂದೇ ಸಲ ಕಣ್ರೀ. ಅದೂ ಆಗ್ಲಿಲ್ಲ ಅಂದ್ರೆ ಇದರ ಮಾತೇ ಎತ್ತಲ್ಲ. ಸ್ಕೂಲು, ಮನೆ ಅಂತ ಇದ್ದುಬಿಡ್ತೀನಿ" ಅಂದಳು. ಅಷ್ಟು ದಿನ ಇದು ನನಗೆ ಕುಂಬಾರಿಕೆ, ಚೈನೀಸ್ ಥರಾನೇ ಇನ್ನೊಂದು ಅನ್ನಿಸಿತ್ತು. ಅವತ್ತು ಇವಳಿಗೆ ಇದು ಸಿಗಲೇಬೇಕು ಅಂತ ನನಗೂ ಹಟ ಬಂತು.

"ನಾಳೆಯಿಂದ ನನ್ನನ್ನ ಬೇಕು ಬೇಕಂತಲೇ ಒದಿ" ಅಂದೆ.

೫. ಅಮ್ಮ ಬಂದರು

ಮೈಸೂರಿನಿಂದ ನಮ್ಮಮ್ಮ ಎರಡು ತಿಂಗಳಿಗೆ ಅಂತ ಬಂದರು. ಏರ್‌ಪೋರ್ಟಿಂದ ಕರ್ಕೊಂಡು ಬಂದ ಸಂಜೆಯೇ ಪ್ರಾಕ್ಟೀಸ್. ಅಮ್ಮ ಸ್ನಾನ ಮುಗಿಸಿ ತಲೆ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದರೆ ಏನು ನೋಡಬೇಕು? ಮಗ ನೆಲದ ಮೇಲೆ ಬಿದ್ದಿದ್ದಾನೆ, ಸೊಸೆ ದರದರ ಎಳೀತಿದ್ದಾಳೆ, ಮಗ "ಒದಿ! ಇನ್ನೊಂದು ಒದಿ! ನಿಲ್ಲಬೇಡ!" ಅಂತ ಕಿರುಚ್ತಾ ಇದ್ದಾನೆ. ಎದುರುಮನೆ ಆಂಟಿ ಕುರ್ಚಿ ಹಾಕಿಕೊಂಡು ಕೂತು ಮೊಬೈಲಿನಲ್ಲಿ ಟೈಮ್ ನೋಡ್ತಿದ್ದಾರೆ. ವಿಷಯ ತಿಳಿದ ಮೇಲೆ ಆಂಟಿ ನಮ್ಮ ಪಾರ್ಟಿ ಸೇರಿದ್ದರು.

ಅಮ್ಮನಿಗೆ ಎಲ್ಲಾ ಬಿಡಿಸಿ ಹೇಳಿದೆವು. ಬೈತಾರೆ ಅಂತ ಇವಳು ತಲೆ ತಗ್ಗಿಸಿ ನಿಂತಿದ್ದಳು. ಅಮ್ಮ ತಲೆ ಒರೆಸಿದ ಟವೆಲ್ ಹೆಗಲಿಗೆ ಹಾಕಿಕೊಂಡರು.

"ಅಲ್ಲಮ್ಮಾ, ಒದ್ದ ತಕ್ಷಣಾನೇ ಮಾಡ್ಬೇಕು ಅಂತ ಯಾರು ಹೇಳಿದ್ದು? ಗೆರೆ ದಾಟಿಸು. ಆಮೇಲೆ ಎಲ್ಲಾ ಸೇರಿಸಿ ಒಂದೇ ಸಲ ಮಾಡು. ಅದೂ ಮನುಷ್ಯನ ಜೀವ ಉಳಿದ ಮೇಲೆ."

"ಇವರಿಗೂ ಹಾಗೇನಾ ಅತ್ತೆ? ದಿನಾ ಒದೀತಿದೀನಲ್ಲ."

"ಇವನಿಗೆ ನೀನು ಪಾಸಾಗಿ ಯೂನಿಫಾರ್ಮ್ ಹಾಕ್ಕೊಂಡ ದಿನ ಒಟ್ಟಿಗೆ ಮಾಡುವೆಯಂತೆ. ಅಲ್ಲೀ ತನಕ ಧಾರಾಳವಾಗಿ ಒದಿ."

ಹೆತ್ತ ತಾಯಿ ಆಡೋ ಮಾತಾ ಇದು? ಆದರೆ ಆವತ್ತೇ ಇವಳು ಮೊದಲ ಸಲ ಒಂದು ಕಡೆಯೂ ನಿಲ್ಲದೆ ಎಳೆದಳು. ಆಂಟಿ ಟೈಮ್ ಹೇಳಿ ಚಪ್ಪಾಳೆ ತಟ್ಟಿದರು. ನನ್ನ ಸೊಂಟಕ್ಕೆ ಅಮ್ಮ ಎಣ್ಣೆ ತಿಕ್ಕಿದರು, ಅದೂ ಸೊಸೆಗೆ ತಿಕ್ಕಿ ಉಳಿದದ್ದರಲ್ಲಿ.

೬. ಬ್ಯಾಡಗಿ ಮೆಣಸಿನಕಾಯಿ

ಟೆಸ್ಟಿಗೆ ಮೂರು ದಿನ ಇತ್ತು. ಅಮ್ಮ ಸಾರಿನ ಪುಡಿಗೆ ಅಂತ ಒಂದು ಕೆಜಿ ಬ್ಯಾಡಗಿ ಮೆಣಸಿನಕಾಯಿ ಹುರಿಯೋಕೆ ಇಟ್ಟರು. ಮೈಸೂರಿನ ಹಿತ್ತಿಲಲ್ಲಿ ಹುರಿಯೋದೇ ಬೇರೆ, ಹನ್ನೊಂದನೇ ಮಹಡಿ ಫ್ಲಾಟಿನಲ್ಲಿ ಹುರಿಯೋದೇ ಬೇರೆ. ಎರಡು ನಿಮಿಷಕ್ಕೆ ಮನೆಯೆಲ್ಲ ಘಾಟು. ನಾನು ಕೆಮ್ಮುತ್ತಾ ಬಾತ್‌ರೂಮಿಗೆ ಓಡಿದೆ. ಇವಳು ಮಾತ್ರ ಅಡುಗೆಮನೆಯ ಮಧ್ಯ ಸೊಂಟದ ಮೇಲೆ ಕೈಯಿಟ್ಟು ನಿಂತು, ಕಣ್ಣಲ್ಲಿ ನೀರು ಸುರಿಸುತ್ತಾ, "ಇರಲಿ ಅತ್ತೆ, ಇನ್ನೂ ಸ್ವಲ್ಪ ಹುರೀರಿ, ಪ್ರಾಕ್ಟೀಸ್ ಆಗುತ್ತೆ" ಅಂತಿದ್ದಾಳೆ. ಅಮ್ಮನಿಗೆ ಹುಮ್ಮಸ್ಸು ಬಂದು ಇನ್ನೊಂದು ಹಿಡಿ ಹಾಕಿದರು.

ಹೊಗೆ ಕಾರಿಡಾರಿಗೆ ಹೊರಟಿತು. ಎದುರುಮನೆ ಆಂಟಿ ಮೂಗಿಗೆ ಟವೆಲ್ ಹಿಡಿದು, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ಓಡಿ ಬಂದರು. ಬೆಂಕಿ, ಬೆಂಕಿ, ಫೈರ್ ಇಂಜಿನ್ ಕರೀತೀನಿ ಅಂತ ಅವರ ಗಾಬರಿ. ಇವಳು ಓಡಿಹೋಗಿ ಅವರ ಕೈ ಹಿಡಿದುಕೊಂಡು ಗೋಗರೆದಳು.

"ಆಂಟಿ, ಪ್ಲೀಸ್, ಕರೀಬೇಡಿ! ಬುಧವಾರ ನನ್ನ ಟೆಸ್ಟ್ ಇರೋದು ಅವರ ಹತ್ರಾನೇ!"

೭. ಬುಧವಾರ

ಅವಳು ಟೆಸ್ಟಿಗೆ, ನಾನು ಪಾಯಾ ಲೆಬಾರ್‌ನ ನಮ್ಮ ಆಫೀಸಿಗೆ. ಮೀಟಿಂಗಿನಲ್ಲಿ ಏನು ನಡೀತೋ ದೇವರಾಣೆಗೂ ಗೊತ್ತಿಲ್ಲ, ಕಣ್ಣೆಲ್ಲ ಫೋನಿನ ಮೇಲೆ. ಹನ್ನೊಂದೂವರೆಗೆ ಬಂತು. ಪ್ಯಾಂಟ್ರಿಗೆ ಓಡಿ ಎತ್ತಿದರೆ ಆ ಕಡೆ ಬರೀ ಅಳು.

ಮತ್ತೆ ಫೇಲ್ ಅಂದುಕೊಂಡೆ. ಇಂಥ ಹೊತ್ತಿಗೆ ಅಂತ ನಾನು ವಾರದಿಂದ ಮಾತು ಜೋಡಿಸಿಟ್ಟುಕೊಂಡಿದ್ದೆ. ಶುರು ಮಾಡಿದೆ. "ನೋಡು, ಅಳಬೇಡ. ನೀನು ಮಾಡಿದ ಪ್ರಯತ್ನ ನಾನು ಕಣ್ಣಾರೆ ನೋಡಿದೀನಿ. ನನ್ನ ಬೆನ್ನೇ ಸಾಕ್ಷಿ. ಅವರಿಗೆ ಅದೃಷ್ಟ ಇಲ್ಲ ಅಂದ್ಕೋ. ಆ ಬೊಂಬೆ ಹಾಳಾಗಿ ಹೋಗ್ಲಿ..."

"ಹಾಗನ್ನಬೇಡಿ ರೀ" ಅಂದಳು ಬಿಕ್ಕುತ್ತಾ. "ಅದರಿಂದಲೇ ಪಾಸಾಗಿದ್ದು!"

ಮೂರು ಸಲ ಕಾಲು ತಾಗಿತಂತೆ. ಒಂದು ಸಲವೂ ನಿಲ್ಲಲಿಲ್ಲವಂತೆ. ಗೆರೆ ದಾಟಿಸಿ, ಬೊಂಬೆಯನ್ನ ಜೋಪಾನವಾಗಿ ಮಲಗಿಸಿ, ಅದರ ಕಾಲ ಹತ್ತಿರ ಬಗ್ಗಿ ಎರಡೂ ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡಳಂತೆ. ಟೈಮ್ ಬರೆದುಕೊಳ್ತಿದ್ದ ಆಫೀಸರ್ ಪೆನ್ನು ಹಿಡಿದುಕೊಂಡೇ ನಿಂತುಬಿಟ್ಟರಂತೆ. ಏನಮ್ಮ ಇದು ಅಂದಿದ್ದಕ್ಕೆ, ಒದ್ದೆನಲ್ಲ ಸರ್, ಅದಕ್ಕೆ ಸಾರಿ ಕೇಳಿದೆ ಅಂದಳಂತೆ. ಅದಕ್ಕೆ ಜೀವ ಇಲ್ಲ ಕಣಮ್ಮ ಅಂದರಂತೆ.

"ನೀವು ಏನು ಹೇಳಿದ್ರಿ?" ಅಂತ ನಾನು ಗಡಿಬಿಡಿಯಲ್ಲಿ ಕೇಳಿದೆ. ಹೆಂಡತಿಗೆ ಬಹುವಚನ ಹೊರಟಿತ್ತು.

"ಎಳೀವಾಗ ಇದೆ ಅಂದ್ಕೊಂಡೇ ಎಳೆದೆ ಸರ್, ಅಂದೆ" ಅಂದಳು.

೮. ಒಟ್ಟಿಗೆ

ಆಮೇಲೆ ತಿಂಗಳುಗಟ್ಟಲೆ ಟ್ರೈನಿಂಗ್. ವಾರಕ್ಕೊಮ್ಮೆ ಮನೆಗೆ ಬಂದು, ತಿಂದು, ಮಲಗಿ, ಹೋಗ್ತಿದ್ದಳು. ಕಾರಿಡಾರು ಬಿಕೋ ಅಂತಿತ್ತು. ಎದುರುಮನೆ ಆಂಟಿ ನಾನು ನಿಂತಿರೋದು ನೋಡಿ ಗುರುತೇ ಹಿಡಿಯದವರ ಹಾಗೆ ಹೋಗ್ತಿದ್ದರು.

ಕೊನೆಗೆ ಟ್ರೈನಿಂಗ್ ಮುಗಿದ ಸಮಾರಂಭ. ಇದಕ್ಕೆ ಅಂತಲೇ ಅಮ್ಮ ಮತ್ತೆ ಬಂದಿದ್ದರು. ರೇಷ್ಮೆ ಸೀರೆ, ಮೈಸೂರು ಮಲ್ಲಿಗೆ ಸಿಗದೆ ಇಲ್ಲಿನ ಮಲ್ಲಿಗೆ. ಆಂಟಿಯನ್ನೂ ಕರೆದುಕೊಂಡು ಹೋಗಿದ್ದೆವು. ಮೈದಾನದಲ್ಲಿ ಆರು ಜನ, ಆರು ಬೊಂಬೆ. ಸೀಟಿ ಊದಿದರು, ಎಳೆದರು, ಗೆರೆ ದಾಟಿಸಿದರು. ಆಮೇಲೆ ನೋಡ್ತೀನಿ, ನಮ್ಮವಳು ಒಬ್ಬಳೇ ಅಲ್ಲ, ಚೈನೀಸ್ ಹುಡುಗ, ಮಲಯ್ ಹುಡುಗಿ, ಆರೂ ಜನ ಸಾಲಾಗಿ ಬಗ್ಗಿ, ಬೊಂಬೆ ಮುಟ್ಟಿ, ಕಣ್ಣಿಗೊತ್ತಿಕೊಂಡರು! ಇವಳು ಮಾಡೋದು ನೋಡಿ ನೋಡಿ, ಹೀಗೆ ಮಾಡಿದರೆ ಟೈಮ್ ಕಮ್ಮಿಯಾಗುತ್ತೆ ಅಂತ ಇಡೀ ಸ್ಕ್ವಾಡು ನಂಬಿಬಿಟ್ಟಿತ್ತಂತೆ. "ಎಂಥಾ ಒಳ್ಳೆ ಮಕ್ಕಳು ಕಣೋ" ಅಂತ ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಎಲ್ಲ ಮುಗಿದ ಮೇಲೆ ಯೂನಿಫಾರ್ಮಿನಲ್ಲಿ ನಮ್ಮ ಹತ್ತಿರ ಬಂದಳು. ಬಿಸಿಲಿಗೆ ಕಪ್ಪಾಗಿದ್ದಳು, ಭುಜ ಅಗಲವಾಗಿತ್ತು. ಆವತ್ತು ಅಜ್ಜಿಯನ್ನ ಇಳಿಸಿದ ಹೆಂಗಸಿನ ನಗುವೇ ಇವಳ ಮುಖದ ಮೇಲೂ. ನಾನು ಹೆಮ್ಮೆಯಿಂದ ಫೋಟೋ ತೆಗೆದೇ ತೆಗೆದೆ.

ಅಮ್ಮ ಮರೆತಿರಲಿಲ್ಲ. "ಎಲ್ಲಿ, ಇವನಿಗೆ ಒಟ್ಟಿಗೆ ಮಾಡು ಅಂದಿದ್ದೆನಲ್ಲಮ್ಮಾ?"

"ಅಯ್ಯೋ, ಬೇಡಮ್ಮ, ಇಷ್ಟು ಜನರ ಮುಂದೆ!" ಅಂತ ನಾನು ಎರಡು ಹೆಜ್ಜೆ ಹಿಂದೆ ಸರಿದೆ.

ಅವಳು ಟೋಪಿ ತೆಗೆದು ಆಂಟಿ ಕೈಗೆ ಕೊಟ್ಟಳು. ಒಂದು ಸಲ ಬಗ್ಗಿದಳು, ಎದ್ದಳು. ಮತ್ತೆ ಬಗ್ಗಿದಳು, ಎದ್ದಳು. ನನ್ನನ್ನ ಮೇಲಿಂದ ಕೆಳಗೆ ನೋಡಿ ತಲೆ ಅಲ್ಲಾಡಿಸಿದಳು.

"ಹೀಗೆ ನಿಂತ್ಕೊಂಡ್ರೆ ನನಗೆ ಬರ್ತಾ ಇಲ್ಲ ರೀ. ಮಲಗಿ."

ಮಲಗಿದೆ.