ಲಾನ್ ಹುಲ್ಲೋ, ಶೋ ಹುಲ್ಲೋ

ಹುಲ್ಲು ಬೆಳೆಸುವುದನ್ನೇ ಹೊಟ್ಟೆಪಾಡು ಮಾಡಿಕೊಂಡವನಿಗೆ ನಗುವಂಥ ಪ್ರಸಂಗಗಳಿಗೆ ಬರವಿಲ್ಲ. ನಗುವುದಕ್ಕೆ ತ್ರಾಣ ಉಳಿದಿಲ್ಲ, ಅಷ್ಟೆ.

ರಾಮನಗರದ ಹೆದ್ದಾರಿ ಪಕ್ಕ ನನ್ನದೊಂದು ಸಣ್ಣ ನರ್ಸರಿ. ಹೊಸ ಮನೆ ಕಟ್ಟಿದವರ ಅಂಗಳಕ್ಕೆ ಹುಲ್ಲು ಹಾಸಿಕೊಡುವುದು ಕಸುಬು. ನಮ್ಮಪ್ಪ ರಾಗಿ ಹೊಲದಲ್ಲಿ ಗರಿಕೆ ಕಿತ್ತು ಕಿತ್ತು ಸೊಂಟ ಬಗ್ಗಿಸಿಕೊಂಡವರು. ನರ್ಸರಿ ಶುರು ಮಾಡಿದ ದಿನ ಬಂದು ನೋಡಿ, "ನಾನು ಕಿತ್ತು ಬದೀಗೆಸೆದಿದ್ನ ನೀನು ಗೊಬ್ರ ಹಾಕಿ ನೆಡ್ತಿದ್ದೀಯಲ್ಲೋ! ಹುಲ್ಲು ಬೇಕಾಗೋದು ದನಕ್ಕೆ ಕಣ್ಲಾ, ಜನಕ್ಕಲ್ಲ," ಅಂದರು. ಮಗ ಕೆಟ್ಟ ಎನ್ನುವುದು ಅವತ್ತಿನಿಂದ ಅವರ ತೀರ್ಮಾನ.

ಬಂದ ಗಿರಾಕಿಗಳೆಲ್ಲ ಕೇಳುವುದು ಒಂದೇ ಪ್ರಶ್ನೆ. ಲಾನ್ ಹುಲ್ಲು ಒಳ್ಳೆಯದೋ, ಶೋ ಹುಲ್ಲೋ? ನಾನು ಗಿಣಿಪಾಠ ಒಪ್ಪಿಸುತ್ತೇನೆ. ಲಾನ್ ಜಮಖಾನದ ಹಾಗೆ ನೆಲಕ್ಕೆ ಅಂಟಿಕೊಂಡಿರುತ್ತದೆ. ಕೂರಬಹುದು, ಮಕ್ಕಳು ಹೊರಳಾಡಬಹುದು. ಆದರೆ ದಿನಾ ನೀರು ಬೇಕು, ಆಗಾಗ ಕಟಿಂಗ್ ಬೇಕು. ಶೋ ಹುಲ್ಲು ಮೊಣಕಾಲುದ್ದದ ಪೊದೆ. ಬಣ್ಣದ ತೆನೆ ಬಿಟ್ಟು ಗಾಳಿಗೆ ತೂಗುತ್ತದೆ, ಅಷ್ಟೇನೂ ನೀರು ಕೇಳುವುದಿಲ್ಲ. ಆದರೆ ನೋಡಬೇಕೇ ಹೊರತು ಕೂರುವಂತಿಲ್ಲ. ಎಲ್ಲ ಕೇಳಿಸಿಕೊಂಡ ಮೇಲೆ ಗಿರಾಕಿ, "ನೀವು ಹಾಕಿದ್ದು ಎಲ್ಲಾದರೂ ಚೆನ್ನಾಗಿ ಬಂದಿದ್ದರೆ ತೋರಿಸಿ," ಅನ್ನುತ್ತಾರೆ. ಅಲ್ಲಿಗೆ ನನ್ನ ಬಾಯಿ ಬಂದ್.

ಈಚೆಗೆ ಬಿಡದಿಯ ಒಂದು ಫ್ಯಾಕ್ಟರಿಯ ಇಂಜಿನಿಯರೂ ಅದನ್ನೇ ಅಂದರು. ಫ್ಯಾಕ್ಟರಿ ಮುಂದೆ ದೊಡ್ಡ ತೋಟ ಮಾಡುವ ಕೆಲಸ. ಸಿಕ್ಕಿದರೆ ನಾನು ದಡ ಸೇರಿದಂತೆ. "ಒಂದೇ ಒಂದು ಅಂಗಳ ತೋರಿಸಿ, ಕೆಲಸ ನಿಮ್ಮದು," ಅಂದರು. ನಾಲ್ಕು ತಾಲ್ಲೂಕಿನಲ್ಲಿ ಹುಲ್ಲು ಹಾಸಿದವನು ನಾನು. ಒಂದು ಅಂಗಳ ಸಿಗದೇ ಇದ್ದೀತೆ ಅಂತ ಬೈಕ್ ಹತ್ತಿದೆ.

ಮೇಷ್ಟ್ರ ದಯೆ

ಮೊದಲು ಹೋದದ್ದು ಚನ್ನಪಟ್ಟಣದ ರಿಟೈರ್ಡ್ ಮೇಷ್ಟ್ರ ಮನೆಗೆ. ಬೆಳಿಗ್ಗೆ ಎದ್ದು ಬರಿಗಾಲಲ್ಲಿ ನಡೆದರೆ ಕಣ್ಣಿಗೆ ಒಳ್ಳೆಯದು ಅಂತ ಆಸೆಪಟ್ಟು ಲಾನ್ ಹಾಕಿಸಿಕೊಂಡಿದ್ದರು. ಹೋಗಿ ನೋಡಿದರೆ ಸುತ್ತ ಹಗ್ಗ ಕಟ್ಟಿದೆ, ಒಳಗೆ ಹುಲ್ಲು ಮೊಣಕಾಲು ಮುಟ್ಟಿದೆ. ಮೇಷ್ಟ್ರು ಸಿಮೆಂಟ್ ಜಗಲಿಯ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಅದನ್ನೇ ನೋಡುತ್ತ ಕೂತಿದ್ದಾರೆ.

"ಸಾರ್, ಇದರ ಮೇಲೆ ನಡೀಬೇಕು."

"ತುಳಿದರೆ ಪಾಪ, ಅದಕ್ಕೆ ನೋವಾಗಲ್ವೇನಪ್ಪ?"

"ಕಟಿಂಗಾದರೂ ಮಾಡಿಸಬಾರದಿತ್ತೇ?"

"ಇಷ್ಟು ಲಕ್ಷಣವಾಗಿ ಬೆಳೆದಿರೋದನ್ನ ಕತ್ತರಿಸೋಕೆ ಕೈ ಬರುತ್ತೇನಯ್ಯ?"

ನಾನು ಹಗ್ಗ ದಾಟಲು ಕಾಲೆತ್ತಿದೆ. ಒಳಗಿಂದ ಅವರ ಹೆಂಡತಿ ಕೂಗಿಕೊಂಡರು. "ಅಯ್ಯೋ, ಇಳೀಬೇಡಪ್ಪ! ಒಳಗೆ ಸರ್ಪ ಸೇರ್ಕೊಂಡೈತೆ. ಈ ಸಲ ನಾಗರಪಂಚಮಿಗೆ ಹುತ್ತ ಹುಡುಕ್ಕೊಂಡು ಹೋಗೋ ತಾಪತ್ರಯವೇ ಇಲ್ಲ, ನಮ್ ಲಾನ್‌ಗೇ ಹಾಲು ಹುಯ್ದುಬಿಡ್ತೀನಿ."

ಸಾರಿಗೆ ಉಳಿದದ್ದು

ಕನಕಪುರದಲ್ಲಿ ರೇಷ್ಮೆಗೂಡಿನ ವ್ಯಾಪಾರಿಯೊಬ್ಬರಿಗೆ ಕಾಂಪೌಂಡಿನುದ್ದಕ್ಕೂ ನೇರಳೆ ತೆನೆಯ ಶೋ ಹುಲ್ಲು ನೆಟ್ಟುಕೊಟ್ಟಿದ್ದೆ. ಅದಕ್ಕೆ ಕಟಿಂಗ್ ಬೇಡ, ತುಳಿಯುವ ಮಾತೂ ಇಲ್ಲ. ಅದು ಬದುಕಿಯೇ ಇರುತ್ತದೆ ಎನ್ನುವ ಧೈರ್ಯ ನನ್ನದು.

ಬಾಗಿಲಲ್ಲಿ ಸಿಕ್ಕಿದ್ದು ಕಬ್ಬಾಳಿನ ಕಡೆಯಿಂದ ಮಗನ ಮನೆಗೆ ನಾಲ್ಕು ದಿನ ಇದ್ದು ಹೋಗಲು ಬಂದ ಅವರ ತಾಯಿ. ಕೈಯಲ್ಲಿ ಕುರ್ಚಿಗೆ, ಅಂದರೆ ಕಳೆ ಕೀಳುವ ಕುಡುಗೋಲು.

"ಬಾ ಮಗ. ಕೈ ಕಟ್ಕೊಂಡು ಕೂರಕ್ಕಾಯ್ತದಾ? ಕಾಂಪೌಂಡ್ ತುಂಬ ಎಂತದೋ ಮುಂಡೇದು ಕಳೆ ಬೆಳ್ಕೊಂಡಿತ್ತು. ಒಂದು ಬುಡಾನೂ ಬುಡ್ದಂಗೆ ಕಿತ್ತಾಕ್ಬುಟ್ಟೆ."

"ಅವ್ವಾ, ಅದು ಕಳೆಯಲ್ಲ, ನಾನು ನೆಟ್ಟಿದ್ದು!"

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನೆಟ್ಟಗಿದ್ದಾನೋ ಇಲ್ಲವೋ ಅನ್ನುವ ನೋಟ.

"ಅಣ್ಣೆಸೊಪ್ಪು, ಹೊನಗೊನ್ನೆ ಸೊಪ್ಪು ಮಾತ್ರ ಮುಟ್ಟಿಲ್ಲ ಕಣಪ್ಪ. ಸಾರಿಗಾಯ್ತದೆ. ಒಸಿ ಕೂತ್ಕೊ, ಮುಖ ಬಾಡೋಗೈತೆ, ಮುದ್ದೆ ಉಂಡ್ಕೊಂಡು ಹೋಗು."

ಕೂತೆ, ಉಂಡೆ. ಅಷ್ಟು ಚೆನ್ನಾದ ಸೊಪ್ಪಿನ ಸಾರನ್ನು ನಾನು ಎಲ್ಲೂ ಉಂಡಿಲ್ಲ. ಹೊಟ್ಟೆ ಉರಿದದ್ದು ಅದಕ್ಕೇ.

ಮನೆಯ ಗರಿಕೆ

ಉಳಿದದ್ದು ನಮ್ಮ ಮನೆ ಮುಂದಿನ ಗರಿಕೆ ಲಾನ್. ನಾಲ್ಕು ಮಂಚದಗಲ ಇದ್ದೀತು, ನೋಡಲು ಮಾತ್ರ ಮಖಮಲ್ಲು. ಇಂಜಿನಿಯರಿಗೆ ಫೋನ್ ಮಾಡಿದೆ. "ಗಣೇಶನ ಹಬ್ಬ ಮುಗಿಯಲಿ, ಮಾರನೇ ದಿನ ಬರ್ತೀನಿ," ಅಂದರು.

ಹಬ್ಬದ ಬೆಳಿಗ್ಗೆ ನಾನು ನರ್ಸರಿಗೆ ಹೋಗಿ ಬರುವಷ್ಟರಲ್ಲಿ ಇಡೀ ಬೀದಿಯೇ ನಮ್ಮ ಲಾನ್ ಮೇಲೆ ಕುಕ್ಕುರುಗಾಲಲ್ಲಿ ಕೂತಿತ್ತು. ಗಣಪತಿಗೆ ಇಪ್ಪತ್ತೊಂದು ಗರಿಕೆ ಬೇಕಲ್ಲ. ನನ್ನ ಹೆಂಡತಿಯೇ ನಿಂತು, "ಅಲ್ಲಿ ಎಳೇದೈತೆ ನೋಡಿ ಅಕ್ಕಾ," ಅಂತ ತೋರಿಸುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಅಂಗಳ ಮುಡಿ ಕೊಟ್ಟು ಬಂದವರ ತಲೆಯಂತಿತ್ತು.

"ದೇವರಿಗೆ ಬೇಕು ಅಂದಾಗ ಇಲ್ಲ ಅನ್ನೋಕಾಯ್ತದಾ?" ಅಂತ ನನ್ನ ಬಾಯಿ ಮುಚ್ಚಿಸಿದಳು. ಸಂಜೆ ನಮ್ಮ ಮನೆಯ ಗಣಪತಿಗೆ ಪೂಜೆ ಮಾಡಲು ಕೂತರೆ ಒಂದೆಳೆ ಗರಿಕೆ ಇಲ್ಲ. ಪಕ್ಕದ ಮನೆಯಿಂದ ಇಸಿದುಕೊಂಡು ಬಂದಳು. ನಮ್ಮ ಗರಿಕೆಯನ್ನೇ ಕೊಟ್ಟು ಆ ಮನೆಯವರು, "ಪರವಾಗಿಲ್ಲ, ವಾಪಸ್ ಕೊಡೋದೇನೂ ಬೇಡ," ಅಂದರಂತೆ.

ಗೋವು ಒಳಗೆ ಬಂದದ್ದು

ಕೊನೆಯ ಆಸೆ ಮಾಗಡಿಯದು. ಲಾರಿ ಮಾಲೀಕರೊಬ್ಬರ ಹೊಸ ಮನೆ. ಲಾನೂ ಇರಲಿ, ಶೋ ಹುಲ್ಲೂ ಇರಲಿ, ಗೃಹಪ್ರವೇಶಕ್ಕೆ ಎಲ್ಲ ಹಸಿರಾಗಿರಲಿ ಅಂದರು. ಬೆಳೆದ ಹುಲ್ಲನ್ನು ಮಣ್ಣಿನ ಸಮೇತ ಚೌಕ ಚೌಕವಾಗಿ ಕತ್ತರಿಸಿ ತಂದು, ಹಿಂದಿನ ದಿನ ಗೇಟಿನಿಂದ ಹೊಸಿಲವರೆಗೆ ಹಾಸಿದೆ. ಎರಡೂ ಬದಿಗೆ ಶೋ ಹುಲ್ಲು. ಹಬ್ಬದ ಮಾರನೇ ದಿನ ಬರಬೇಡಿ ಅಂದಿದ್ದ ಇಂಜಿನಿಯರಿಗೂ ಅಲ್ಲಿಗೇ ಬರಲು ಹೇಳಿದೆ. ಒಂದು ದಿನ, ಬರೀ ಒಂದು ದಿನ ಉಳಿದರೆ ಸಾಕಿತ್ತು.

ಗೃಹಪ್ರವೇಶದಲ್ಲಿ ಮೊದಲು ಒಳಗೆ ಹೋಗುವುದು ಹಸು ಎನ್ನುವುದು ನನ್ನ ತಲೆಗೆ ಬಂದಿರಲೇ ಇಲ್ಲ.

ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಕರುವಿನ ಜೊತೆ ಹಸು ಗೇಟಿನೊಳಗೆ ಕಾಲಿಟ್ಟಿತು. ಹುಲ್ಲು ನೋಡಿ ನಿಂತುಬಿಟ್ಟಿತು. ಬಾಯಿ ಹಾಕಿ ಎಳೆದರೆ, ಬೇರು ಬಿಡದ ಹುಲ್ಲಲ್ಲವೇ, ಒಂದು ಚೌಕ ಪೂರ್ತಿ ಎದ್ದು ಬಂತು. ಪೂಜೆಯಾದ ಗೋವಿಗೆ ಹೊಡೆಯುವವರು ಯಾರು? ಒಂದೊಂದು ಬಾಯಿಗೂ ಹೆಂಗಸರು ಕೈ ಮುಗಿದರು. ಶೋ ಹುಲ್ಲನ್ನು ದನ ಮೂಸುವುದೂ ಇಲ್ಲ ಅಂತ ಮಾಲೀಕರಿಗೆ ಮಾತು ಕೊಟ್ಟಿದ್ದೆ. ಕರು ಅದನ್ನು ಮೂಸಲಿಲ್ಲ, ನೇರವಾಗಿ ತಿಂದಿತು.

"ಮುಹೂರ್ತ ಮೀರ್ತಾ ಇದೆ," ಅಂತ ಪುರೋಹಿತರು ಚಡಪಡಿಸಿದರು. ಮಾಲೀಕರು ನನ್ನ ಕಡೆ ತಿರುಗಿ, "ಅಣ್ಣೋ, ನಿಮ್ ಹುಲ್ಲನ್ನೇ ಎತ್ಕೊಂಡು ಒಳಿಕ್ಕೆ ನಡೀರಿ ಅತ್ಲಾಗೆ! ಅದೇ ಹಿಂದೆ ಬತ್ತದೆ," ಅಂದರು.

ನಾನು ಹಾಸಿದ ಲಾನನ್ನು ನಾನೇ ಕಿತ್ತು, ಎರಡು ಕೈಯಲ್ಲಿ ಹಿಡಿದು, ಹಿಂದಹಿಂದಕ್ಕೆ ಹೆಜ್ಜೆಯಿಡುತ್ತ ಹೊಸಿಲು ದಾಟಿದೆ. ಹಸು ನಗುನಗುತ್ತಲೇ ಬಂತು. ವಾಲಗ ಜೋರಾಯಿತು. ಅಷ್ಟರಲ್ಲಿ ಇಂಜಿನಿಯರು ಬಾಗಿಲಲ್ಲಿ ನಿಂತು, "ಎಲ್ರೀ ನಿಮ್ಮ ತೋಟ?" ಅಂದರು.

ನಾನು ಹಸುವಿನ ಹೊಟ್ಟೆ ನೋಡಿದೆ. ಕೆಲಸ ಹೋಯಿತು ಅಂದುಕೊಂಡೇ ಮನೆಗೆ ಬಂದು ಮಲಗಿದೆ.

ಎರಡು ದಿನ ಬಿಟ್ಟು ಅವರದೇ ಫೋನು.

"ನೋಡಿ, ನಾನೂ ಒಂದು ಫ್ಲ್ಯಾಟ್ ತಗೊಂಡಿದ್ದೀನಿ. ಭಾನುವಾರ ಗೃಹಪ್ರವೇಶ. ಎರಡನೇ ಮಹಡಿ. ಹಸು ಮೆಟ್ಟಿಲು ಹತ್ತಲ್ಲ ಅಂತ ಎಲ್ಲರೂ ಹೆದರಿಸ್ತಿದ್ದಾರೆ. ಕೆಳಗಿಂದ ಮೇಲಿನವರೆಗೆ ನಿಮ್ಮ ಹುಲ್ಲು ಹಾಸಿಕೊಡಿ. ಹಸು ಹತ್ತಿದರೆ ಫ್ಯಾಕ್ಟರಿ ತೋಟ ನಿಮ್ಮದೇ."

ಅಭ್ಯಾಸಬಲ, ಬಾಯಿಗೆ ಅದೇ ಬಂತು. "ಲಾನ್ ಹುಲ್ಲೋ ಸಾರ್, ಶೋ ಹುಲ್ಲೋ?"

"ಅದನ್ನ ಹಸೂನೇ ಕೇಳ್ರಿ."

ಪಕ್ಕದಲ್ಲಿ ಕೂತು ಎಲ್ಲ ಕೇಳಿಸಿಕೊಂಡ ಅಪ್ಪ, ನರ್ಸರಿ ಶುರುವಾದ ಮೇಲೆ ಮೊದಲ ಸಲ ನನ್ನ ಬೆನ್ನು ತಟ್ಟಿದರು.

"ಸದ್ಯ ಬುಡ್ಲಾ. ಈಗ್ಲಾದ್ರೂ ಹುಲ್ಲು ತಿನ್ನೋ ಗಿರಾಕಿ ಸಿಕ್ತಲ್ಲ."