ಅಗ್ಗದ ಜೋಡಿನಳಿಗೆ ಬಂದೂಕು

ಗದೆ ಹಿಡಿದೂ ಯಾರನ್ನೂ ಸುಮ್ಮನೆ ಹೊಡೆಯದ ಆಂಜನೇಯನಿಗೆ ಮೊದಲ ನಮಸ್ಕಾರ. ನಾನು ಹೆದರಿದ ಕೆಲಸವನ್ನೇ ಹುಡುಕಿ ನನ್ನ ಕೈಗೆ ಕೊಡುವುದು ಅವನ ಹಳೆಯ ರೂಢಿ. ಇಂಥವು ನನಗೆ ಆಗುತ್ತಲೇ ಇರುತ್ತವೆ.

ತೆಲುಗು ಸೀಮೆಯ ಜೀಡಿಮೆಟ್ಲಾದಲ್ಲಿ ನಾನು ದುಡಿಯುತ್ತಿದ್ದ ಔಷಧ ಕಾರ್ಖಾನೆ ಮುಚ್ಚಿದಾಗ ಊರ ತುಂಬ ಕಂಪ್ಯೂಟರ್ ಕಂಪನಿಗಳು ಏಳುತ್ತಿದ್ದವು. ಕಂಪ್ಯೂಟರ್ ನನಗೆ ಬಾರದು. ಆದರೆ ಅವಕ್ಕೆಲ್ಲ ಗೇಟು ಇದ್ದವು, ಗೇಟಿಗೆ ಗನ್‌ಮ್ಯಾನ್ ಬೇಕಿದ್ದ. ಷರತ್ತು ಒಂದೇ: ಲೈಸೆನ್ಸೂ ಬಂದೂಕೂ ಅವನದೇ ಆಗಿರಬೇಕು. ಓಡಾಡಿ ಓಡಾಡಿ ಲೈಸೆನ್ಸ್ ಸಿಕ್ಕಿತು. ಬಂದೂಕು ಕೊಳ್ಳಲು ಅದರಲ್ಲಿ ಕೊಟ್ಟ ಗಡುವಿಗೆ ಎಂಟೇ ದಿನ ಉಳಿದಿತ್ತು. ಹೊಸದು ನನ್ನ ಕೈಗೆ ನಿಲುಕದು. ಇರುವೆ ಕಂಡರೆ ದಾರಿ ಬಿಡುವ ನಾನು ಹಳೆಯ ಬಂದೂಕು ಹುಡುಕತೊಡಗಿದೆ.

೧. ಪಾಠ

ಕೂಕಟ್‌ಪಲ್ಲಿಯಲ್ಲಿ ನಮ್ಮ ಮೇಲಿನ ಮನೆಯವರು ನಿವೃತ್ತ ಸುಬೇದಾರರು. ಅವರು ನನ್ನನ್ನು ಎದುರು ಕೂರಿಸಿಕೊಂಡು ಪಾಠ ಹೇಳಿದರು.

“ಪಾಲಿಶ್ ನೋಡಿ ಮರುಳಾಗಬ್ಯಾಡ್ರಿ. ನಳಿಗಿ ಒಳಗ ಕನ್ನಡಿಹಾಂಗ ಇರಬೇಕು. ಬಂದೂಕು ಮಡಿಸಿ ಒಳಗ ನೋಡಿದ ಮ್ಯಾಲ ಮುಚ್ಚಿ ಅಲ್ಲಾಡಿಸ್ರಿ, ಟಕಟಕ ಅಂದ್ರ ಕೈ ಮುಗದು ಎದ್ದು ಬರ್ರಿ. ನಳಿಗಿ ಬಿಚ್ಚಿ, ಎತ್ತಿ ಹಿಡದು, ಬೆರಳಲೆ ಬಾರಿಸ್ರಿ. ಗಂಟಿಹಾಂಗ ನಾದ ಬಂದ್ರ ಬೆಸುಗಿ ಗಟ್ಟಿ ಐತಿ ಅಂತ ತಿಳೀರಿ.”

ಎಲ್ಲವನ್ನೂ ಭಜನೆಯ ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಂಡೆ. ಹೆಂಡತಿ ಓದಿ ನೋಡಿದಳು. “ಹೆಣ್ಣು ನೋಡಾಕ ಬಂದಾಗ ನನ್ನ ಇದರ ಕಾಲುಭಾಗಾನೂ ನೋಡಿರಲಿಲ್ರಿ ನೀವು!”

೨. ಅಂಗಡಿ

ಹಳೇ ಬಜಾರಿನ ಬಂದೂಕಿನ ಅಂಗಡಿಯಲ್ಲಿ ಬಿಳಿ ಗಡ್ಡದ ಸಾಹೇಬರೊಬ್ಬರು ಕೂತಿದ್ದರು. ನಾನು ಹೊಸಿಲ ಹೊರಗೆ ಚಪ್ಪಲಿ ಬಿಟ್ಟೆ. ಹಾಗೆ ಒಳಗೆ ಬಂದ ಗಿರಾಕಿಯನ್ನು ಅವರೂ ಕಂಡಿರಲಿಲ್ಲ.

ಮೊದಲನೆಯದು ಮದುಮಗನ ಹಾಗೆ ಹೊಳೆಯುತ್ತಿತ್ತು. ಅಲ್ಲಾಡಿಸಿದೆ, ಟಕಟಕ. ಕೈ ಮುಗಿದೆ. ಎರಡನೆಯದರ ನಳಿಗೆಯೊಳಗೆ ಇಣುಕುವ ಮೊದಲು ಖಾಲಿ ಇದೆಯೇ ಎಂದು ಸಾಹೇಬರನ್ನು ಎರಡು ಸಲ ಕೇಳಿದೆ, ಮೂರನೇ ಸಲ ಆಂಜನೇಯನನ್ನು ಕೇಳಿದೆ. ಒಳಗೆ ತುಕ್ಕಿನ ಗುಳಿಗಳು. ಮೂರನೆಯದರ ಮರದ ಹಿಡಿ ಪೂರ್ತಿ ಗೀರು, ಬಣ್ಣ ಹೋಗಿತ್ತು. ಆದರೆ ಒಳಗೆ ಕನ್ನಡಿ, ಅಲ್ಲಾಡಿಸಿದರೆ ಸದ್ದಿಲ್ಲ. ನಳಿಗೆ ಎತ್ತಿ ಹಿಡಿದು ಬೆರಳ ಗಂಟಿನಿಂದ ಬಾರಿಸಿದೆ.

ಅಬ್ಬಾ, ಏನು ನಾದ! ಕಣ್ಣು ಮುಚ್ಚಿಕೊಂಡಿತು. ಮತ್ತೆ ಬಾರಿಸಿದೆ. ಯಾವಾಗ ಬಾಯಿಂದ ಮಂಗಳಾರತಿಯ ಪದ ಹೊರಟಿತೋ ತಿಳಿಯಲಿಲ್ಲ. ಕಣ್ಣು ಬಿಟ್ಟರೆ ಸಾಹೇಬರು ಗೌರವದಿಂದ ಎದ್ದು ನಿಂತಿದ್ದರು.

“ಮುಗೀತಾ ಸಾಬ್?” ಎಂದು ಮೆಲ್ಲಗೆ ಕೇಳಿದರು. “ಇಷ್ಟು ವರ್ಷ ಶಿಕಾರಿಯವರಿಗೆ ಮಾರಿದೆ, ಜಮೀನ್ದಾರರಿಗೆ ಮಾರಿದೆ. ಬಂದೂಕಿಗೆ ಆರತಿ ಎತ್ತಿದ ಗಿರಾಕಿ ನೀವೇ ಮೊದಲು. ಬೆಲೆ ಇಳಿಸ್ತೀನಿ, ಒಯ್ಯಿರಿ. ನಿಮ್ಮ ಕೈಯಲ್ಲಿ ಇದು ಯಾರನ್ನೂ ಕೊಲ್ಲೋದಿಲ್ಲ ಅಂತ ನನಗೆ ಖಾತ್ರಿ.”

ಗನ್‌ಮ್ಯಾನ್ ಆಗಹೊರಟವನಿಗೆ ಇದು ಹೊಗಳಿಕೆಯೋ ಏನೋ!

೩. ಬಸ್ಸು

ಲೈಸೆನ್ಸಿನಲ್ಲಿ ನಮೂದು ಮಾಡಿಸಿ, ಉದ್ದನೆಯ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ. ಗುಂಡು ಒಂದೂ ಇಲ್ಲದಿದ್ದರೂ ಬಸ್ಸು ಕುಲುಕಿದಾಗಲೆಲ್ಲ ಕಣ್ಣು ಮುಚ್ಚಿ ಜಪಿಸಿದೆ.

ಕಂಡಕ್ಟರ್ ಚೀಲದಲ್ಲೇನೆಂದು ತೆಲುಗಿನಲ್ಲಿ ಕೇಳಿದ. ಸುಳ್ಳು ಹೇಳುವುದಿಲ್ಲವೆಂದು ದೇವರಿಗೆ ಮಾತು ಕೊಟ್ಟವನು ನಾನು. “ತುಪಾಕಿ ಅಂಡಿ,” ಬಂದೂಕು ರೀ, ಎಂದೆ. ಬಸ್ಸೇ ನಕ್ಕಿತು. ನಂಬಲಿ ಎಂದು ಲೈಸೆನ್ಸ್ ತೆರೆದು ತೋರಿಸಿದೆ. ಅವನು ಅದನ್ನು ಎರಡೂ ಕೈಯಿಂದ ಹಿಂದಿರುಗಿಸಿದ. ಎದುರಿನ ಸೀಟಿನ ಮೂವರೂ ಒಟ್ಟಿಗೇ ಎದ್ದರು.

ಆ ರೂಟಿನಲ್ಲಿ ನನಗೆ ಕೂರಲು ಜಾಗ ಸಿಕ್ಕಿದ್ದು ಅದೇ ಮೊದಲು. ಮಲಗಬಹುದಿತ್ತು.

೪. ಪರೀಕ್ಷೆ

ಕಂಪನಿಗೆ ಹೋಗುವ ದಿನ ಬೆಳಿಗ್ಗೆ ಬಂದೂಕನ್ನು ದೇವರ ಮುಂದೆ ನೆಟ್ಟಗೆ ನಿಲ್ಲಿಸಿ, ಕಣ್ಣು ಮುಚ್ಚಿ ಸ್ತೋತ್ರ ಹೇಳಿದೆ. ಉಳಿದ ಪೂಜೆ ಹೆಂಡತಿಯದು.

ಗಾಜಿನ ಕಟ್ಟಡದ ಭದ್ರತಾ ಅಧಿಕಾರಿ ಸೈನ್ಯದಲ್ಲಿದ್ದವರು, ನಮ್ಮ ವಿಜಾಪುರ ಕಡೆಯವರೇ. ಬಂದೂಕು ಮಡಿಸಿ, ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮುಖ ಗಂಟಾಯಿತು.

“ಒಳಗ ಬೂದಿ ಐತಿ. ಯಾವಾಗ ಹಾರಿಸಿದ್ರಿ? ಎಲ್ಲಿ?”

ನಾನು ಕೈ ಮುಗಿದೆ. “ನಾ ಹಾರಿಸಿಲ್ರಿ ಸಾಹೇಬ್ರ! ಆಣಿ ಮಾಡ್ತೀನ್ರಿ. ನನಗ ಬಂದೂಕು ಹಾರಿಸೋ ಧೈರ್ಯಾನ ಇಲ್ರಿ!”

ಗನ್‌ಮ್ಯಾನ್ ಕೆಲಸ ಕೇಳಲು ಹೋದವನು ಆಡಬಾರದ ಮಾತು. ನಾಲಿಗೆ ಕಚ್ಚಿಕೊಂಡೆ. ನೌಕರಿ ಹೋಯಿತು ಅಂದುಕೊಂಡೆ.

ಅವರು ನಳಿಗೆಗೆ ಮೂಗು ಹಚ್ಚಿದರು. ಮತ್ತೆ ಹಚ್ಚಿದರು. “ಇದು ಮದ್ದಿನ ವಾಸನಿ ಅಲ್ಲಲ್ರೀ!” ಎಂದು ನಳಿಗೆ ಕೆಳಮುಖ ಮಾಡಿ ಕೊಡವಿದರು. ಟೇಬಲ್ಲಿನ ಮೇಲೆ ಬಿದ್ದವು, ಅರ್ಧ ಸುಟ್ಟ ಎರಡು ಊದಿನಕಡ್ಡಿ. ನಳಿಗೆಗೊಂದರಂತೆ.

ಆಗ ನನಗೆ ತಿಳಿಯಿತು. ನಾನು ಕಣ್ಣು ಮುಚ್ಚಿದ್ದಾಗ ಹೆಂಡತಿಗೆ ಕಂಡದ್ದು ಬಂದೂಕಲ್ಲ, ಎರಡು ತೂತಿನ ಅಗರಬತ್ತಿ ಸ್ಟ್ಯಾಂಡು.

ಅಧಿಕಾರಿ ನಕ್ಕು ನಕ್ಕು ಕಣ್ಣೊರೆಸಿಕೊಂಡರು. “ಸುಳ್ಳು ಹೇಳಾಂಗಿಲ್ಲ, ಅವಸರಕ್ಕ ಹಾರಿಸಾಂಗಿಲ್ಲ. ಗೇಟಿಗೆ ನನಗ ಇಂಥವರ ಬೇಕು. ಸೋಮವಾರ ಬರ್ರಿ. ಮನಿಯವರಿಗೆ ಹೇಳ್ರಿ, ನಳಿಗ್ಯಾಗ ಕಡ್ಡಿ ಚುಚ್ಚಬಾರದು ಅಂತ.”

ಮನೆಗೆ ಓಡಿಬಂದು ಹೇಳಿದೆ. ಅವಳು ಸೊಂಟದ ಮೇಲೆ ಕೈಯಿಟ್ಟಳು. “ಕಡ್ಡಿ ಚುಚ್ಚಿದ್ದಕ್ಕ ನೌಕರಿ ಸಿಕ್ತು. ನಿಮ್ಮ ಸುಬೇದಾರರ ಮಾತು ಕೇಳಿ ಬರೇ ಕನ್ನಡಿಹಾಂಗ ಇಟ್ಟಿದ್ರ ಸಿಗ್ತಿತ್ತೇನ್ರಿ?”

ಇದನ್ನು ಕೇಳಿದವರೆಲ್ಲ ಸುಖವಾಗಿರಿ. ಲೋಕದ ಯಾವ ಬಂದೂಕಿನಿಂದಲೂ ಊದಿನಕಡ್ಡಿಯದಲ್ಲದೆ ಬೇರೆ ಹೊಗೆ ಏಳದಂತೆ ಆ ಆಂಜನೇಯ ಕಾಯಲಿ.